ಒಂದು ಪೆಂಟಿ ಕಮ್ಮಿ

ಗಡಹಿಂಗ್ಲಜ ಪ್ಯಾಟಿಯೊಳಗ ಬೆಲ್ಲದ ಸವಾಲು ಮುಗದು
ಹಮಾಲರು ಚಹಾಕ್ಕ ಹ್ವಾದ ಹೊತ್ತಿನಾಗ
ದಾದಾಸಾಬನ ಟೆಂಪೋದಿಂದ ಒಂದು ಇಂಜಿನ್ ಇಳಿಸಿ
ದೊಡ್ಡ ತಕ್ಕಡಿಗೆ ಏರಿಸಿದಿವಿ.
ಇನ್ನೊಂದು ಕಡಿ ಬೆಲ್ಲದ ಪೆಂಟಿ, ಒಂದೊಂದು ಮೂವತ್ತು ಕಿಲೋ.
ನಾಕು ಪೆಂಟಿ, ಮ್ಯಾಲೊಂದು ಹಿಡಿ.
ಮಂದಾಕಿನಿ ಟೀಚರು ಚಷ್ಮಾ ಏರಿಸಿ
ಚೌಕಗೆರಿ ವಹಿಯೊಳಗ ಬರಕೊಂಡ್ರು.

ಕಾರು ಎಂ.ಜಿ. ಮಿಜೆಟ್, ಅರವತ್ತೇಳರದು.
ನಿಪ್ಪಾಣಿಯ ತಂಬಾಕಿನ ಸಾವ್ಕಾರ ಜೋಕಿಗೆ ತಂದು,
ಮಗ್ಗಲದಾಗ ಕುಂದ್ರಾಕ ಯಾರೂ ಒಲ್ಲೆ ಅಂದಮ್ಯಾಲೆ
ಗೋದಾಮಿನ ಘಾಟಿನೊಳಗ ನಿಲ್ಲಿಸಿಬಿಟ್ಟಿದ್ದು.
ಈಗೂ ಸೀಟಿನ ಮ್ಯಾಲೆ ಕುಂತ್ರ ಸೀನು ಬರತಾವ.
ನಾಕಾಳು ಹಿಂದಿನ ಬಂಪರ್ ಹಿಡದ್ರ
ಎತ್ತಿ ಗ್ವಾಡಿ ಕಡೆ ಸರಸಬಹುದು, ಅಷ್ಟ ಹಗುರ.

ಬ್ಲಾಕು ಎರಡನೇ ಮೂರನೇ ಸಿಲಿಂಡರಿನ ನಡುವ
ಕೂದಲೆಳಿಯಷ್ಟು ಸೀಳಿತ್ತು.
ಸೀಮೆಎಣ್ಣಿ ಹಚ್ಚಿ, ಒರಸಿ, ಖಡುವಿನ ಪುಡಿ ಬಳದು ತೋರಿಸಿದೆ.
ಬಿಳಿಯೊಳಗ ಕಪ್ಪು ಗೆರಿ ತಾನಾಗೇ ಎದ್ದಿತು.
ಮೂವತ್ತೈದು ವರ್ಷ ಹಲಗಿ ಒರಸಿದವರು ಬಾಳಹೊತ್ತು ನೋಡಿ
"ಇದು ಒರಸಾಕ ಬರೂದಿಲ್ಲ" ಅಂದ್ರು.

ಆಮ್ಯಾಲೆ ಸುರು ಆತು ಮಂದಿಯ ಶ್ಯಾಣ್ಯಾತನ.
ಕೊಲ್ಹಾಪುರದ ರೇಸಿನ ಹುಡುಗ ರಣಧೀರ
ಟರ್ಬೋ ಹಾಕ್ರಿ, ಇನ್ನೂರು ಕುದುರಿ, ಅಂದ.
"ಕುದುರಿ ಸರಿ, ಲಾಯ ಎಲ್ಲೈತಿ?" ಅಂದ್ರು ಟೀಚರು.
ಅವರ ತಮ್ಮ ಡೀಸೆಲ್ ಅಂದ,
ಟ್ರ್ಯಾಕ್ಟರಿಗೆ ತರೂ ಎಣ್ಣಿಯೊಳಗ ಇದೂ ಹೊಟ್ಟಿ ಹೊರಕೋತೈತಿ ಅಂತ.
ಪುಣೆಯವ ಒಬ್ಬ ಕರೆಂಟಿನ ಮೋಟಾರಿನ ಚಿತ್ರ ತೋರಿಸಿದ.
ಸದ್ದಿಲ್ಲ, ಹೊಗಿ ಇಲ್ಲ.
ಅದು ಟೀಚರ ಮನಸಿಗೆ ಬಂದಿತ್ತು, ಸುಳ್ಳು ಯಾಕ ಹೇಳಲಿ.
ಬ್ಯಾಟರಿಯ ತೂಕ ಕೇಳಿ ವಹಿ ಮುಚ್ಚಿದ್ರು.

ನನ್ನ ಜೀವ ಕಾಂಟೆಸಾದ ಮ್ಯಾಲಿತ್ತು.
ಹದಿನೆಂಟುನೂರು ಸಿಸಿ. ಶೆಡ್ಡಿನ ಮೂಲಿಯೊಳಗ
ಹನ್ನೆರಡು ವರ್ಷ ಗೋಣಿತಟ್ಟು ಹೊಚ್ಚಿ ಇಟ್ಟಿದ್ದೆ,
ಯಾರಿಗಂತ ಗೊತ್ತಿಲ್ಲದ.
ಅದನ್ನೂ ತೂಗಿದಿವಿ. ಐದೂವರಿ ಪೆಂಟಿ.
ಟೀಚರು ಹಾಳಿ ಮ್ಯಾಲೆ ಒಂದು ಕೋಲು ಬರದು
ಅಡಿಯೊಳಗ ತ್ರಿಕೋನ ಇಟ್ಟು
ತುದಿಗೆ ನನ್ನ ಕಾಂಟೆಸಾ ಕುಂದ್ರಿಸಿದ್ರು.
"ಅಂಬೋಲಿ ಘಾಟಿನಾಗ ನಾ ಸ್ಟೇರಿಂಗ್ ತಿರುವ್ತೀನಿ,
ಮೂಗು ನನ್ನ ಮಾತು ಕೇಳದ ಸೀದಾ ಹೊಕ್ಕೈತಿ.
ಹೌದಲ್ಲ?"
ನಲವತ್ತು ವರ್ಷ ಪಾನಾ ಹಿಡದ ಕೈ
ಏಳನೇ ಇಯತ್ತೆ ಹುಡುಗನಂಗ ಬೆನ್ನ ಹಿಂದ ಕಟಗೊಂಡೆ.

ಕಡೀಗೆ ಜಿಪ್ಸಿ. ಸಾಂಗಲಿಯೊಳಗ ಸಿಕ್ಕ ಮಿಲಿಟರಿ ಲಿಲಾವಿನ ಮಾಲು,
ಹದಿಮೂರುನೂರು ಸಿಸಿ, ಅಲ್ಯುಮಿನಿಯಂ ಮೈ.
ಮೂರು ಪೆಂಟಿಗೆ ಮುಳ್ಳು ನಿಂತಿತು, ಅಲ್ಲಾಡಲಿಲ್ಲ.
"ಒಂದು ಪೆಂಟಿ ಕಮ್ಮಿ ಬಂತ್ರೆಪಾ" ಅಂತ ಹಮಾಲ ಒದರಿದ,
ಸಾವ್ಕಾರನ ಕಳವು ಹಿಡದವರಂಗ.

ಸಂಪು ಕೊಯ್ದು ಬೆಸದಿವಿ. ನಡುವಿನ ಸುರಂಗ ಬಡದು ಅಗಲ ಮಾಡಿದಿವಿ.
ಗೇರಿನ ಕೋಲು ಟೀಚರ ಮೊಳಕೈ ಬುಡಕ ಎದ್ದಿತು,
ಎರಡು ಸರ್ತಿ ಬಗ್ಗಿಸಿದೆ.
ಮೌಂಟು ತಿರುವಿಕೊಟ್ಟ ಲೇಥಿನ ಅಡಿವೆಪ್ಪ
ರೊಕ್ಕ ಒಲ್ಲೆ, ಒಂದು ರೌಂಡು ಹೊಡಸ್ರಿ ಅಂದ.

ನೆಲಕ್ಕ ಇಳಿಸಿದ ದಿನ
ಕಾರು ಮೂಗು ಎತ್ತಿ ನಿಂತಿತು, ಹೆಡ್‌ಲೈಟು ಎರಡೂ
ಕಬ್ಬಿನ ಸೂಲಂಗಿ ನೋಡತಿದ್ದುವು.
ಹಳೇ ಸ್ಪ್ರಿಂಗು ಇನ್ನೂ ಹಳೇ ಭಾರಕ್ಕ ತಯಾರಿದ್ದುವು.
ಹೊಸಾವು ಬರಾಕ ಹದಿನೈದು ದಿನ.
ಟೀಚರು ತಡೀಲಿಲ್ಲ. ಒಂದು ಪೆಂಟಿ ತರಿಸಿ
ಮುಂದ ಜಾಳಿಗಿ ಮಗ್ಗಲಕ್ಕ ಹಗ್ಗ ಬಿಗಸಿ
ಅಂಬೋಲಿ ಮಳಿಯೊಳಗ ಹೊಂಟ ಹ್ವಾದ್ರು.

ದೀಪ ಹಚ್ಚೂ ಹೊತ್ತಿಗೆ ತಿರುಗಿ ಬಂದ್ರು,
ಸೆರಗು ತೊಯ್ದು, ಕೂದಲ ಬಿಚ್ಚಿ.
"ಮೇಸ್ತ್ರಿ, ಹೋಗೂವಾಗಿನಕಿಂತ ಬರೂವಾಗ ಚಲೋ ತಿರುಗ್ತು.
ಬರೂವಾಗಿನ ಲೆಕ್ಕ ಹಿಡೀರಿ."
ಬೆಲ್ಲ ಬಿಚ್ಚಿ ತೂಗಿದೆ. ಇಪ್ಪತ್ಮೂರು ಕಿಲೋ.
ಸ್ಪ್ರಿಂಗಿನವಗ ಫೋನ್ ಮಾಡೂವಾಗ ನೋಡತೀನಿ,
ಇರುವಿ ಸಾಲು ಆಗಲೇ ಬಂಪರ್ ದಾಟಿ
ಹೊಸ ಇಂಜಿನ್ ನಂಬರ್ ಓದಾಕ ಹೊಂಟಿತ್ತು.